ವಕೀಲ ಬಿಂದುರಾಯನ ಕೈಗಡಿಯಾರ

ನಾನು ಒಂದು ಕೈಗಡಿಯಾರ. ದುಡಿಯಲೆಂದು ಹುಟ್ಟಿದವನಲ್ಲ, ಮೆರೆಯಲೆಂದು ಹುಟ್ಟಿದವನು. ಸ್ವಿಟ್ಜರ್ಲೆಂಡಿನ ಬೆಟ್ಟದೂರಿನ ಕಾರ್ಖಾನೆಯೊಂದರಲ್ಲಿ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ ಹೆಂಗಸೊಬ್ಬಳು ನನ್ನ ಹದಿನೇಳು ಕೆಂಪು ಹರಳುಗಳನ್ನು ಒಂದೊಂದಾಗಿ ಕೂಡಿಸಿದಳು. ತೆಳುವಾದ ಮೈ, ಚಿನ್ನದ ಕವಚ, ಹಾಲುಬಿಳಿ ಮುಖ. ನೀರು ತಾಗಬಾರದು, ಬೆವರು ಸೋಕಬಾರದು. ದಿನಕ್ಕೊಮ್ಮೆ ಚಾವಿ ಕೊಡಬೇಕು. ಮರೆತರೆ ನಿಂತುಬಿಡುತ್ತೇನೆ. ಔತಣಕೂಟಗಳಲ್ಲಿ ರೇಷ್ಮೆ ತೋಳಿನ ಕೆಳಗಿಂದ ಇಣುಕುವುದೇ ನನ್ನ ಜನ್ಮದ ಗುರಿ ಎಂದು ನಂಬಿದ್ದೆ.

ಬಂದು ಸೇರಿದ್ದು ಬಯಲುಸೀಮೆಯ ಒಂದು ಜಿಲ್ಲಾ ಊರಿಗೆ. ಊರಿನ ಹೆಸರು ಹೇಳುವುದಿಲ್ಲ; ಅಲ್ಲಿಯವರಿಗೆ ಈಗಿರುವ ಜಂಬವೇ ಸಾಕು. ಮುಂಬಯಿಯಿಂದ ನನ್ನನ್ನು ತರಿಸಿದವನು ಸರಕಾರಿ ವಕೀಲ ಬಿಂದುರಾವ್ ಮುಳಗುಂದ. ಊರೆಲ್ಲ ಅವನನ್ನು ರಾಯರು ಎನ್ನುತ್ತಿತ್ತು. ನಾನು ಅವನು ಎನ್ನುತ್ತೇನೆ. ಹಾಗೆನ್ನಲು ನನಗೆ ಕಾರಣವಿದೆ.

ಬಿಂದುರಾಯ ನನ್ನನ್ನು ನೋಡುತ್ತಿದ್ದುದು ಗಂಟೆ ತಿಳಿಯಲಲ್ಲ. ಎದುರು ವಕೀಲ ಮಾತಾಡಲು ಎದ್ದನೆಂದರೆ ಇವನ ತೋಳು ಮೇಲಕ್ಕೆ ಸರಿಯುತ್ತಿತ್ತು, ಹುಬ್ಬು ಏರುತ್ತಿತ್ತು. ಎದುರಿನವನು ತೊದಲುತ್ತಿದ್ದ. ಮನೆಯಲ್ಲಿ ಹೆಂಡತಿ ಮಾತಾಡಿದರೂ ಇದೇ ಆಟ. ನನ್ನ ಮುಖದ ಮೇಲೆ ಅವನ ದೃಷ್ಟಿ ಇರುತ್ತಿತ್ತು, ಮುಳ್ಳುಗಳು ಎಲ್ಲಿವೆಯೆಂದು ಕೇಳಿದರೆ ಹೇಳಲಾರ.

ಒಂದು ವರ್ಷ ಊರಿನ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಕಾವಲುಗಾರ ಸತ್ತ. ಮಾಲೀಕನೊಡನೆ ಜಗಳವಾಡಿದ್ದ ಹಮಾಲಿ ಯಮನಪ್ಪನನ್ನು ಪೋಲೀಸರು ಹಿಡಿದರು. ಅವನ ಪರವಾಗಿ ಇದ್ದ ಒಂದೇ ಸಾಕ್ಷಿ ಅವನ ಹೆಂಡತಿ ಮಲ್ಲವ್ವ. ಬೆಂಕಿ ಹತ್ತಿದಾಗ ಗಂಡ ಮನೆಯಲ್ಲಿ ಉಣ್ಣುತ್ತಿದ್ದ ಎಂಬುದು ಆಕೆಯ ಮಾತು.

"ಎಷ್ಟು ಗಂಟೆಗೆ?" ಎಂದು ಬಿಂದುರಾಯ ಕೇಳಿದ.

"ಗಿರಣಿ ಭೋಂಗಾ ಕೂಗೂ ತನಕಾ ಅಂವಾ ಮನ್ಯಾಗ ಇದ್ದರಿ. ಬೆಂಕಿ ಎದ್ದಿದ್ದು ಅದಕ್ಕಿಂತ ಮೊದಲ."

"ಭೋಂಗಾ ಬ್ಯಾಡ. ಗಂಟೆ ಹೇಳು." ಅವನು ಕಟಕಟೆಯ ಹತ್ತಿರ ಹೋದ. ತೋಳು ಸರಿಸಿ ನನ್ನನ್ನು ಆಕೆಯ ಮುಖಕ್ಕೆ ಹಿಡಿದ. "ಈಗ ಇದರಾಗ ಎಷ್ಟಾಗ್ಯದ ನೋಡಿ ಹೇಳು."

ಮಲ್ಲವ್ವ ನನ್ನನ್ನು ನೋಡಿದಳು. ಆಮೇಲೆ ಕಿಟಕಿಯಿಂದ ನೆಲಕ್ಕೆ ಬಿದ್ದ ಬಿಸಿಲನ್ನು ನೋಡಿದಳು.

"ನನಗ ಗಡ್ಯಾಳ ತಿಳಿಯೂದಿಲ್ರಿ ಎಪ್ಪಾ. ಈಗ ಹೊತ್ತು ಹನ್ನೆರಡಕ್ಕ ಬಂದಿರಬೇಕ್ರಿ."

"ಗಡ್ಯಾಳ ತಿಳಿಯೂದಿಲ್ಲ," ಎಂದು ಬಿಂದುರಾಯ ಕೋರ್ಟಿನ ಕಡೆ ತಿರುಗಿದ. "ಗಂಡನ ವ್ಯಾಳ್ಯಾ ಮಾತ್ರ ಭಾಳ ಛಲೋ ತಿಳೀತದ." ವಕೀಲರು ನಕ್ಕರು. ಬೆಂಚಿನ ಮೇಲಿದ್ದವರೂ ನಕ್ಕರು. ನಕ್ಕವರಲ್ಲಿ ಅರ್ಧ ಜನಕ್ಕೆ ಗಡಿಯಾರ ಓದಲು ಬರುತ್ತಿರಲಿಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಐದು ನಿಮಿಷ ಇತ್ತು. ನ್ಯಾಯಾಧೀಶ ಅದನ್ನು ನೋಡಿದ, ನೋಡಿ ಕಾಗದದ ಮೇಲೆ ತಲೆ ತಗ್ಗಿಸಿದ. ನನ್ನಲ್ಲಿ ಒಂಬತ್ತು ಇಪ್ಪತ್ತು ಆಗಿತ್ತು. ಹೊಸ ಕೋಟು ತೊಡುವ ಸಡಗರದಲ್ಲಿ ಬಿಂದುರಾಯ ಅಂದು ಬೆಳಿಗ್ಗೆ ಚಾವಿ ಕೊಡುವುದನ್ನು ಮರೆತಿದ್ದ. ಆ ಕಟಕಟೆಯ ಬಳಿ ವೇಳೆ ತಿಳಿದಿದ್ದವಳು ಆಕೆಯೊಬ್ಬಳೇ.

ಊಟದ ಬಿಡುವಿನಲ್ಲಿ ಅವನು ನನ್ನನ್ನು ಕಿವಿಗೆ ಹಿಡಿದ. ಸದ್ದಿಲ್ಲ. ಮಲ್ಲವ್ವ ಹೇಳಿದ ವೇಳೆಯೇ ಸರಿಯೆಂದು ಎದ್ದು ಹೋಗಿ ಹೇಳಲು ಇನ್ನೂ ಸಮಯವಿತ್ತು. ಅವನು ಸುತ್ತ ನೋಡಿ, ಚಾವಿ ತಿರುವಿ, ಗುಮಾಸ್ತನನ್ನು ಕೇಳಿ ಮುಳ್ಳು ಸರಿಮಾಡಿಕೊಂಡ. ಆಮೇಲೆ ಚಹಾ ಕುಡಿದ.

ಯಮನಪ್ಪನಿಗೆ ಏಳು ವರ್ಷ ಶಿಕ್ಷೆಯಾಯಿತು. ಮೂರನೆಯ ವರ್ಷ ಒಂದು ಬೆಳಿಗ್ಗೆ ಗುಮಾಸ್ತ ಬಂದು, "ಆ ಗೋದಾಮಿನ ಹಮಾಲಿ ಜೈಲಿನ್ಯಾಗ ಕೆಮ್ಮಿ ಕೆಮ್ಮಿ ಸತ್ತನಂತ್ರಿ ರಾಯರ," ಎಂದ. ಬಿಂದುರಾಯ ನನಗೆ ಚಾವಿ ಕೊಡುತ್ತಿದ್ದ. "ಹೌದೇನು," ಎಂದು ಹದಿನೆಂಟನೆಯ ಸುತ್ತು ತಿರುವಿದ. ಅವತ್ತಿನಿಂದ ಒಂದು ದಿನವೂ ಚಾವಿ ಮರೆಯಲಿಲ್ಲ. ಅವನಲ್ಲಿ ಪಶ್ಚಾತ್ತಾಪವೆಂಬುದು ಇದ್ದರೆ ಇಷ್ಟೇ.

ಅವನು ಸತ್ತ ಮೇಲೆ ಅಳಿಯ ವಾಸುದೇವನ ಪಾಲಾದೆ. ಮೂರ್ಖರಲ್ಲೂ ತರಗತಿಗಳಿವೆ ಎಂದು ತಿಳಿದದ್ದು ಆಗ. ಮದುವೆಯೊಂದರಲ್ಲಿ ನನ್ನನ್ನು ನಾಲ್ಕು ಜನಕ್ಕೆ ಕಾಣಿಸಲೆಂದೇ ಸಾರು ಬಡಿಸಲು ನಿಂತ. ಪಟ್ಟಿ ಹರಿದು ಬಕೆಟ್ಟಿಗೆ ಬಿದ್ದೆ. ಸೌಟಿನಿಂದ ಎತ್ತಿದರು. ಹುಣಸೆಹುಳಿ ಒಳಗಿಳಿದು ನನ್ನ ಕೂದಲೆಳೆಯ ಸ್ಪ್ರಿಂಗು ತುಕ್ಕು ಹಿಡಿಯಿತು. ಆಮೇಲೆ ಮೂವತ್ತು ವರ್ಷ ಮೇಜಿನ ಖಾನೆಯೊಳಗೆ, ಹಳೆಯ ಬ್ಲೇಡು, ಬೀಗವಿಲ್ಲದ ಕೀಲಿಕೈಗಳ ಜೊತೆ ಬಿದ್ದಿದ್ದೆ. ಆ ಮನೆಯಲ್ಲಿ ನನಗೆ ಸಿಕ್ಕ ಒಳ್ಳೆಯ ಸಹವಾಸ ಅದೊಂದೇ.

ಹೊರಗೆ ತೆಗೆದವನು ಬಿಂದುರಾಯನ ಮೊಮ್ಮಗ ಅನಿರುದ್ಧ. ಅವನೂ ವಕೀಲ. ವಕೀಲರ ಸಂಘದಲ್ಲಿ ಅಜ್ಜನ ಭಾವಚಿತ್ರದ ಅನಾವರಣವಿತ್ತು, ಚಿತ್ರದ ಕೆಳಗೆ ಗಾಜಿನ ಪೆಟ್ಟಿಗೆಯಲ್ಲಿಡಲು ನಾನು ಬೇಕಾಗಿದ್ದೆ. ನನ್ನನ್ನು ಬಸ್ ನಿಲ್ದಾಣದ ಹತ್ತಿರ ವಾಚ್ ರಿಪೇರಿ ಮಾಡುವ ದಸ್ತಗೀರ್ ಸಾಹೇಬರ ಅಂಗಡಿಗೆ ಒಯ್ದ.

"ನಡೀಲಿಕ್ಕೇ ಬೇಕಂತಿಲ್ಲ, ಹೊಳದ್ರ ಸಾಕು," ಎಂದ.

ಸಾಹೇಬರು ನನ್ನ ಬೆನ್ನು ಬಿಚ್ಚಿ ಬಹಳ ಹೊತ್ತು ನೋಡಿದರು. "ಹೊಳಸೂದು ಆಮ್ಯಾಲ್ರಿ. ಮೊದಲ ಉಸರ ಆಡ್ಲಿ."

ಎರಡು ತಿಂಗಳು ತೆಗೆದುಕೊಂಡರು. ತುಕ್ಕು ತೆಗೆದು, ಕಡ್ಡಿಯ ತುದಿಯಿಂದ ಹಲ್ಲುಹಲ್ಲನ್ನೂ ತೊಳೆದರು. ಸತ್ತ ಗಡಿಯಾರವೊಂದರ ಸ್ಪ್ರಿಂಗು ತಂದು ನನಗೆ ಹೊಂದಿಸಿದರು. ಮುಖದ ಕಲೆಗಳನ್ನು ಮಾತ್ರ ತಿಕ್ಕಲಿಲ್ಲ. ವೇಳೆ ಸರಿಯಿದೆಯೇ ಎಂದು ನೋಡಲು ಮೂರು ದಿನ ತಾವೇ ಕಟ್ಟಿಕೊಂಡರು. ನನ್ನನ್ನು ಕಟ್ಟಿಕೊಂಡು ಆಸ್ಪತ್ರೆಯಲ್ಲಿದ್ದ ಹೆಂಡತಿಗೆ ಮಾತ್ರೆ ಕೊಡುತ್ತಿದ್ದರು. ಮಾತ್ರೆಯ ವೇಳೆಗೆ ನನ್ನನ್ನು ನೋಡುತ್ತಿದ್ದರು, ನೋಡಿ ಏಳುತ್ತಿದ್ದರು. ಅರವತ್ತು ವರ್ಷದಲ್ಲಿ ನನ್ನಿಂದ ಯಾರಾದರೂ ವೇಳೆ ಕೇಳಿ ತಿಳಿದುಕೊಂಡದ್ದು ಆ ಮೂರೇ ದಿನ.

ಅನಾವರಣದ ದಿನ ಸಾಹೇಬರೇ ನನ್ನನ್ನು ತಂದು ಪೆಟ್ಟಿಗೆಯಲ್ಲಿಟ್ಟರು. ಅನಿರುದ್ಧ ಮೈಕಿನ ಮುಂದೆ ನಿಂತು ಮಲ್ಲವ್ವನ ಕಥೆ ಹೇಳಿದ. "ಇದೇ ಗಡಿಯಾರ ತೋರಿಸಿ ನಮ್ಮಜ್ಜ ಒಂದೇ ಪ್ರಶ್ನೆಗೆ ಕೇಸು ಗೆದ್ದರು." ಚಪ್ಪಾಳೆ ಬಿದ್ದವು. ಮನೆತನದ ಹೆಮ್ಮೆಯೆಂದು ಅದನ್ನೇ ಅವರು ಕಾಪಿಟ್ಟುಕೊಂಡಿದ್ದರು.

ಜನ ಉಪ್ಪಿಟ್ಟಿನ ಕಡೆ ಹೊರಟಾಗ ಸಾಹೇಬರು ಅವನನ್ನು ನಿಲ್ಲಿಸಿದರು.

"ವಕೀಲ್ ಸಾಬ್, ಆ ಹೆಣ್ಮಗಳು ಹೇಳಿದ ವ್ಯಾಳ್ಯಾ ಖರೇ ಇತ್ತೇನ್ರಿ?"

ಅನಿರುದ್ಧನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದನ್ನ ಯಾರೂ ಕೇಳಿಲ್ರಿ," ಎಂದ.

ಸಾಹೇಬರು ತಲೆಯಾಡಿಸಿದರು. "ದಿನಾ ಒಮ್ಮೆ ಚಾವಿ ಕೊಡಬೇಕ್ರಿ ಇದಕ್ಕ," ಎಂದು ಹೇಳಿ, ಉಪ್ಪಿಟ್ಟು ತಿನ್ನದೆ ಹೋದರು.

ಪೆಟ್ಟಿಗೆಗೆ ಬೀಗ ಹಾಕಿದರು. ಮರುದಿನ ಬೆಳಿಗ್ಗೆಯೇ ನಿಂತೆ. ಈಗ ವರ್ಷಗಳಾದವು. ನನ್ನಲ್ಲಿ ದೋಷವೇನೂ ಇಲ್ಲ. ಹತ್ತು ಸುತ್ತು ತಿರುವಿದರೂ ಓಡುತ್ತೇನೆ. ಬಿಂದುರಾಯನನ್ನು ತಿರಸ್ಕರಿಸುವುದು ಸುಲಭ. ಆದರೆ ಅಂದು ಸುಳ್ಳು ತೋರಿಸುತ್ತಿದ್ದ ಮುಖ ನನ್ನದು. ಅದನ್ನು ನೆನೆದಾಗ ನನ್ನ ಚಿನ್ನವೂ ನನಗೆ ಹೇಸಿಗೆ.

ಪ್ರತಿದಿನ ಬೆಳಿಗ್ಗೆ ಕೋರ್ಟು ಕೂಡುವ ಮೊದಲು ವಕೀಲರು ನನ್ನ ಮುಂದೆ ಬಂದು ನಿಲ್ಲುತ್ತಾರೆ, ಬಗ್ಗುತ್ತಾರೆ. ಹೊಸಬರು ಭಕ್ತಿಯೆಂದುಕೊಳ್ಳಬೇಕು. ಅವರು ಗಾಜಿನಲ್ಲಿ ಮುಖ ನೋಡಿಕೊಂಡು, ಕೊರಳಿನ ಬಿಳಿ ಪಟ್ಟಿ ನೆಟ್ಟಗೆ ಮಾಡಿಕೊಂಡು ಒಳಗೆ ಹೋಗುತ್ತಾರೆ.