ಹಿಂಬದಿಯ ಹೆಸರು

ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಸತ್ಯವತಿ ಎರಡನೇ ಪೆಟ್ಟಿಗೆ ತೆರೆದರು. ಅದರಲ್ಲಿದ್ದ ಒಂದು ಕಾರ್ಡಿನ ಹಿಂಬದಿಯಲ್ಲೂ ಅವರ ಹೆಸರು ಇರಲಿಲ್ಲ. ಹೆಸರು ಇರಬೇಕಾದ ಜಾಗದಲ್ಲಿ, ಅದೇ ಅಳತೆಯಲ್ಲಿ, ನೇರಳೆ ಶಾಯಿಯಲ್ಲಿ ‘ಮಹಾನಂದಾ’ ಎಂದಿತ್ತು.

ದೀಪಾವಳಿಗೆ ಇನ್ನೊಂದು ವಾರವಿತ್ತು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದು ತನ್ನ ಗ್ರಾಹಕರಿಗೆ ಕಳಿಸಲು ಕೈಯಿಂದ ಮಾಡಿದ ಮುನ್ನೂರು ಶುಭಾಶಯದ ಕಾರ್ಡು ಕೇಳಿತ್ತು. ಕಂಪನಿಯ ಕಡೆಯಿಂದ ಸುಕೃತಿ ಎಂಬವರು ಹತ್ತು ಗಂಟೆಗೆ ನಾಗಸಂದ್ರದ ಮನೆಗೆ ಬಂದು ಎರಡೂ ಪೆಟ್ಟಿಗೆಗಳನ್ನು ಒಯ್ಯುವುದೆಂದು ಮಾತಾಗಿತ್ತು. ಮೊದಲ ಪೆಟ್ಟಿಗೆ ಸತ್ಯವತಿಯವರೇ ಮಾಡಿದ್ದು. ಅಷ್ಟರಲ್ಲಿ ಜ್ವರ ಬಂದು ಅವರು ಹಾಸಿಗೆ ಹಿಡಿದರು. ಉಳಿದದ್ದನ್ನು ಮಹಡಿಯ ಮೇಲೆ ಬಾಡಿಗೆಗಿದ್ದ ಮಹಾನಂದಾ ತಮ್ಮ ಕೋಣೆಗೆ ಒಯ್ದು, ಪೂರ್ತಿ ಮುಗಿಸಿ, ಒಂದೊಂದನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ, ಹಿಂದಿನ ಸಂಜೆ ತಂದು ಹಜಾರದಲ್ಲಿ ಇಟ್ಟು ಹೋಗಿದ್ದರು.

ಸತ್ಯವತಿ ಈ ಕೆಲಸ ಹಿಡಿದದ್ದು ಮಂಡಿಯ ಆಪರೇಷನ್ ಆಗಿ ಮನೆಯಲ್ಲೇ ಕೂರಬೇಕಾಗಿ ಬಂದಾಗ, ಮೊಬೈಲಿನಲ್ಲಿ ವಿಡಿಯೊ ನೋಡಿಕೊಂಡು. ದಪ್ಪ ಕಾಗದದ ಮೇಲೆ ಡೈ ಎಂಬ ತೆಳು ಉಕ್ಕಿನ ಅಚ್ಚು ಇಟ್ಟು, ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಸೇರಿಸಿ, ಸಣ್ಣ ಯಂತ್ರದ ಹಿಡಿ ತಿರುಗಿಸಿದರೆ ರೋಲರು ಅದನ್ನು ಒಳಗೆಳೆದುಕೊಂಡು ಕಟಕಟ ಎಂದು ಒತ್ತುತ್ತದೆ. ಆಚೆ ಬದಿಯಿಂದ ಹಣತೆಯ ಆಕಾರ ಕತ್ತರಿಸಿ ಬರುತ್ತದೆ. ಸ್ಟೆನ್ಸಿಲ್ಲಿನ ತೂತುಗಳ ಮೇಲೆ ಬಿಳಿ ಪೇಸ್ಟು ಸವರಿ ಎತ್ತಿದರೆ ಉಬ್ಬಿದ ರಂಗೋಲಿ ಉಳಿಯುತ್ತದೆ. ಮೇಲೆ ಶುಭಾಶಯದ ಮುದ್ರೆ. ಅವರ ಗಂಡ ನಾಣಿ, ಎಂದರೆ ನಾರಾಯಣರಾವ್, ಸರ್ಕಾರಿ ಕೈಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ಡೈ ಮಾಡಿ ನಿವೃತ್ತರಾದವರು. ಹೆಂಡತಿಯ ಯಂತ್ರವನ್ನು ಅವರು ಕರೆಯುತ್ತಿದ್ದುದು ಚಪಾತಿ ಪ್ರೆಸ್ಸು ಎಂದು.

ಕಾರ್ಡು ಮಾಡುವವರಲ್ಲಿ ಒಂದು ರೂಢಿಯಿದೆ. ಎಲ್ಲ ಮುಗಿದ ಮೇಲೆ ಹಿಂಬದಿಯ ಕೆಳ ಅಂಚಿನಲ್ಲಿ ಮಾಡಿದವರ ಹೆಸರಿನ ಸಣ್ಣ ಮುದ್ರೆ ಒತ್ತುತ್ತಾರೆ. ಸತ್ಯವತಿ ವಿಡಿಯೊದಲ್ಲಿ ಇದನ್ನು ನೋಡಿದ ವಾರವೇ ದಾಸರಹಳ್ಳಿಗೆ ಹೋಗಿ ತಮ್ಮ ಹೆಸರಿನ ರಬ್ಬರ್ ಸ್ಟಾಂಪು ಮಾಡಿಸಿಕೊಂಡು ಬಂದಿದ್ದರು. ಮನೆಯ ಗೇಟಿನ ಪಕ್ಕದ ಕಪ್ಪು ಕಲ್ಲಿನ ಮೇಲೆ ಗಂಡನ ಹೆಸರಿದೆ, ಅದರ ಕೆಳಗೆ ಕಾರ್ಖಾನೆಯ ಹೆಸರಿದೆ. ಕರೆಂಟ್ ಬಿಲ್ಲು, ಕಂದಾಯದ ರಸೀದಿ, ಮದುವೆಯ ಕಾರ್ಡು ಎಲ್ಲವೂ ಗಂಡನ ಹೆಸರಿಗೇ ಬರುತ್ತವೆ. ಮದುವೆಯ ಕಾರ್ಡಿನಲ್ಲಿ ಹೆಸರಿನ ಮುಂದೆ ‘ದಂಪತಿಗಳು’ ಎಂದು ಸೇರಿಸಿರುತ್ತಾರೆ. ಸತ್ಯವತಿ ಎಂಬ ಹೆಸರು ಬೇರೆಯವರ ಮನೆಗೆ ಹೋಗುತ್ತಿದ್ದದ್ದು ಕಾರ್ಡಿನ ಹಿಂಬದಿಯಲ್ಲಿ ಮಾತ್ರ.

ಅವರು ಒಂದು ಕಾರ್ಡನ್ನು ತಂದು ನಾಣಿ ಓದುತ್ತಿದ್ದ ಪೇಪರಿನ ಮೇಲಿಟ್ಟರು.

“ಚೆನ್ನಾಗಿದೆ” ಎಂದರು ನಾಣಿ.

“ಹಿಂದೆ ನೋಡಿ.”

ನಾಣಿ ತಿರುಗಿಸಿ ನೋಡಿದರು. “ನೆಟ್ಟಗೆ ಒತ್ತಿದಾಳಲ್ಲ.”

“ತಮಾಷೆ ಬೇಡ. ಸ್ಟಾಂಪ್ ಮಾಡಿಸ್ಕೊಂಡಿದಾಳೆ ರೀ. ಅಂಗಡಿಗೆ ಹೋಗಿ, ದುಡ್ಡು ಕೊಟ್ಟು. ನಾನು ಮಲಗೋದನ್ನೇ ಕಾಯ್ತಿದ್ಲು.”

“ಉಜ್ಜಿದ್ರೆ ಹೋಗ್ಬೋದು.”

ಹೋಗಲಿಲ್ಲ. ರಬ್ಬರಿಗೆ ಶಾಯಿ ಕದಲಲಿಲ್ಲ. ನಾಣಿ ತಮ್ಮ ಹತ್ಯಾರದ ಪೆಟ್ಟಿಗೆಯಿಂದ ನುಣುಪಾದ ಉಪ್ಪುಕಾಗದ ತಂದು ಮೆಲ್ಲಗೆ ತೀಡಿದರು. ಎರಡು ಸಲ ತೀಡುವಷ್ಟರಲ್ಲಿ ಕಾಗದದ ಮೇಲ್ಪದರ ಎದ್ದು ನಾರುನಾರಾಯಿತು. ‘ನಂದಾ’ ಹಾಗೆಯೇ ಉಳಿದಿತ್ತು.

“ಅವಳನ್ನೇ ಕೇಳು” ಎಂದು ನಾಣಿ ಕಾರ್ಡನ್ನು ಬದಿಗಿಟ್ಟರು.

ಮಹಾನಂದಾ ಕೊಪ್ಪಳ ಜಿಲ್ಲೆಯವರು. ಗಂಡ ಸಂಗಣ್ಣ ಪೀಣ್ಯದಲ್ಲಿ ಲೋಹಕ್ಕೆ ಬಣ್ಣ ಹಿಡಿಸುವ ಪೌಡರ್ ಕೋಟಿಂಗ್ ಕೆಲಸಕ್ಕೆ ಹೋಗುತ್ತಾರೆ. ಮಹಾನಂದಾ ಬಟ್ಟೆ ಕಾರ್ಖಾನೆಯಲ್ಲಿ ಚೆಕರ್ ಆಗಿದ್ದರು. ಹೊಲಿದು ಬಂದ ಅಂಗಿಗಳನ್ನು ತಿರುವಿ ನೋಡಿ ದೋಷ ಹುಡುಕುವ ಕೆಲಸ. ಆ ಕಾರ್ಖಾನೆ ಬೇರೆ ಊರಿಗೆ ಹೋದ ಮೇಲೆ ಸತ್ಯವತಿಯವರಿಗೆ ಸಹಾಯಕ್ಕೆ ಬರತೊಡಗಿದರು. ಮೊದಲು ಬರೀ ಕತ್ತರಿಸಿ ಕೊಡುತ್ತಿದ್ದರು, ಆಮೇಲೆ ಪೇಸ್ಟು ಸವರುವುದನ್ನು ಕಲಿತರು. ಯುಗಾದಿಯ ಹೊತ್ತಿಗೆ ಇಡೀ ಕಾರ್ಡು ಅವರೇ ಮಾಡುತ್ತಿದ್ದರು. ಕೊನೆಯಲ್ಲಿ ಹಿಂಬದಿಗೆ ಸ್ಟಾಂಪು ಒತ್ತುವುದನ್ನು ಮಾತ್ರ ಸತ್ಯವತಿ ಬಿಟ್ಟುಕೊಟ್ಟಿರಲಿಲ್ಲ.

ಸತ್ಯವತಿ ಕೂಗಿದ್ದು ಕೇಳಿ ಮಹಾನಂದಾ ಕೈಯಲ್ಲಿ ನೀರಿನ ಕೊಡ ಇದ್ದ ಹಾಗೆಯೇ ಇಳಿದು ಬಂದರು.

“ಏನೇ ಇದು?”

“ಯಾಕ್ರಿ ಅಮ್ಮಾರ, ಪೇಸ್ಟ್ ಬಿಟ್ಟೈತೇನ್ರಿ?” ಮಹಾನಂದಾ ಕೊಡ ಕೆಳಗಿಟ್ಟು ಕಾರ್ಡನ್ನು ಬೆಳಕಿಗೆ ಹಿಡಿದರು. “ಚಲೋ ಐತಲ್ರಿ.”

“ಮುಂದೆ ಅಲ್ಲ. ಹಿಂದೆ. ಇದ್ಯಾರ ಹೆಸರು?”

“ನಂದ್ರಿ.”

“ಅದು ಗೊತ್ತು. ಯಾಕೆ ಹಾಕ್ದೆ?”

“ನಾನ ಮಾಡಿದ್ದು ಐತಲ್ರಿ, ಅದಕ್ಕ. ನಿಮ್ಮ ಹೆಸರು ಹಾಕಿದ್ರ ತಪ್ಪಾಗತೈತಿ.”

ಸತ್ಯವತಿ ಗಂಡನ ಕಡೆ ನೋಡಿದರು. “ಕೇಳಿಸ್ಕೊಂಡ್ರಾ?”

“ಗಾರ್ಮೆಂಟ್ಸಿನ್ಯಾಗ ಹಂಗ ಇತ್ರಿ” ಎಂದು ಮಹಾನಂದಾ ಮುಂದುವರಿಸಿದರು. “ಪೀಸ್ ನೋಡಿದಾಕಿ ತನ್ನ ನಂಬರ್ ಒತ್ತಬೇಕು. ಮಾಲು ವಾಪಸ್ ಬಂತಂದ್ರ ಆ ನಂಬರ್ ಹಿಡಕೊಂಡು ಬರ್ತಾರ. ಯಂಕಪ್ಪ ಅಂತ ಸೂಪರ್ವೈಸರ್ ಇದ್ದ. ಒಂದು ಗುಂಡಿ ಸಡ್ಲ ಐತಂತ ಇಡೀ ಲೈನ್ ಮುಂದ ನನ್ನ ನಿಲ್ಲಿಸಿ ಬೈದಿದ್ದ. ನಿಮಗ ಜ್ವರ. ನಾ ಒಬ್ಬಾಕಿನ ಕುಂತು ಮಾಡೀನಿ. ಅದರಾಗ ಏನರ ಡಿಫೆಕ್ಟ್ ಇದ್ರ ಆ ಮೇಡಂ ನಿಮಗ ಅನ್ನಬಾರದಲ್ರಿ? ಇಲ್ಲಿ ನಂಬರ್ ಇಲ್ಲ, ನಿಮ್ಮದೂ ಹೆಸರು ಐತಿ ಅಂತ ನಾನೂ ಹೆಸರಿಂದ ಮಾಡಿಸ್ದೆ.”

“ಚೆನ್ನಾಗಿ ಕಥೆ ಕಟ್ತೀಯ.”

“ಕಥಿ ಅಲ್ರಿ.”

“ಬೈಸ್ಕೊಳ್ಳೋಕೆ ಯಾರಾದ್ರೂ ದುಡ್ಡು ಕೊಟ್ಟು ಸ್ಟಾಂಪ್ ಮಾಡಿಸ್ತಾರಾ? ಇದು ಗಾರ್ಮೆಂಟ್ಸ್ ನಂಬರಲ್ಲ ಕಣೇ. ಇಷ್ಟು ಚೆಂದದ್ದನ್ನ ಮಾಡಿದೋರು ಯಾರು ಅಂತ ನೋಡಿದೋರಿಗೆ ಗೊತ್ತಾಗ್ಲಿ ಅಂತ ಹಾಕೋದು. ಇದು ಮರ್ಯಾದೆ. ನಾಲ್ಕು ವರ್ಷದಿಂದ ಆ ಹೆಸರು ಉಳಿಸ್ಕೊಂಡು ಬಂದಿದೀನಿ ನಾನು.”

ಮಹಾನಂದಾ ಕಾರ್ಡನ್ನು ಒಮ್ಮೆ ಮುಂದೆ, ಒಮ್ಮೆ ಹಿಂದೆ ತಿರುಗಿಸಿದರು.

“ಯುಗಾದಿಗೆ ನಾ ಮಾಡಿದ್ದಕ್ಕೂ ನಿಮ್ಮ ಹೆಸರು ಹಾಕಿದ್ರಲ್ರಿ.”

“ಹಾಕ್ದೆ. ಆರ್ಡರ್ ನಂದು.”

“ನನ್ನ ತಪ್ಪು ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ ಅಂತ ತಿಳಕೊಂಡಿದ್ದೆ. ಸಂಗಣ್ಣಗೂ ಹೇಳಿದ್ದೆ, ಅಮ್ಮಾರು ಭಾಳ ದೊಡ್ಡ ಮನಸಿನವರದಾರ, ನಮ್ಮದೆಲ್ಲ ತಮ್ಮ ತಲಿ ಮ್ಯಾಲ ಹೊರತಾರ ಅಂತ. ಎಷ್ಟ ದಿನ ಹೊರಸೋದು ಅಂತ ಆಂವನ ನನ್ನ ಕರಕೊಂಡು ಹೋಗಿ ಮಾಡಿಸಿದ ಸ್ಟಾಂಪ್ರಿ ಅದು.”

ನಾಣಿ ಪೇಪರು ಮಡಚಿದರು. ಸತ್ಯವತಿ ಪ್ಲಾಸ್ಟಿಕ್ ಕವರುಗಳನ್ನು ಒಂದೊಂದಾಗಿ ಬಿಚ್ಚತೊಡಗಿದ್ದರು.

“ಈಗ ಅದೆಲ್ಲ ಬೇಡ. ರೌಂಡ್ ಡೈ ಇದೆಯಲ್ಲ, ಅಂಚಲ್ಲಿ ಹೂವಿನ ದಳ ಇರೋದು, ಅದರಲ್ಲಿ ಬಿಲ್ಲೆ ಕತ್ತರಿಸಿ ನನ್ನ ಹೆಸರು ಒತ್ತೋಣ. ಇದರ ಮೇಲೆ ಅಂಟಿಸಿದ್ರೆ ಮುಚ್ಚಿಹೋಗತ್ತೆ. ಹತ್ತು ಗಂಟೆ ಒಳಗೆ ಮುಗೀಬೇಕು. ಕೂತ್ಕೋ.”

ಮಹಾನಂದಾ ಕೂರಲಿಲ್ಲ. “ಅಮ್ಮಾರ, ಇದು ಮರ್ಯಾದಿ ಅಂತ ನನಗ ಗೊತ್ತಿರಲಿಲ್ರಿ. ನೀವ ಹೇಳಿದ್ರಿ. ಗೊತ್ತಾದ ಮ್ಯಾಲ ಹೆಂಗ ಮುಚ್ಚಲ್ರಿ?”

“ಕಂಪನಿಯೋರು ಕೇಳಿರೋದು ನನ್ನ ಕಾರ್ಡು.”

“ಎಲ್ಲಾ ಬ್ಯಾಡ್ರಿ. ಒಂದು ಹತ್ತು ಬಿಡ್ರಿ.”

“ಆಗಲ್ಲ.”

“ಒಂದರ ಬಿಡ್ರಿ.”

“ಒಂದೂ ಇಲ್ಲ. ನಾಳೆ ಅವರು, ಇದ್ಯಾರು ಮಹಾನಂದಾ, ನೀವು ಬೇರೆಯೋರ ಹತ್ರ ಮಾಡಿಸ್ತೀರಾ ಅಂದ್ರೆ ನಾನೇನ್ ಹೇಳ್ಲಿ?”

ಆಗ ನಾಣಿ ಬಾಯಿ ಹಾಕಿದರು. “ಸತ್ಯಾ, ಎರಡು ಹೆಸರು ಇದ್ರೆ ಏನಾಯ್ತು. ನಮ್ ಟೂಲ್ ರೂಮಲ್ಲಿ ಡೈ ಮಾಡ್ದೋನು ಒಬ್ಬ. ಗಡಿಯಾರದ ಮೇಲೆ ಹೆಸರು ಕಂಪನಿದು. ನಾವೇನು ಸತ್ತು ಹೋದ್ವಾ.”

“ಸಾಯ್ಲಿಲ್ಲ. ರಿಟೈರ್ ಆಗೋವರ್ಗೂ ದಿನಾ ಊಟಕ್ಕೆ ಕೂತಾಗ ಅದನ್ನೇ ಗೊಣಗಿದ್ರಿ. ಬಡಿಸ್ತಾ ಕೇಳಿಸ್ಕೊಂಡೋಳು ನಾನು.”

ನಾಣಿ ಎದ್ದು ಹೋಗಿ ಯಂತ್ರದ ಮುಂದೆ ಕುಳಿತರು. ಅವರು ಬಿಳಿ ಕಾಗದದ ಮೇಲೆ ಡೈ ಇಟ್ಟು ಹಿಡಿ ತಿರುಗಿಸಿದರು. ಸತ್ಯವತಿ ಉದುರಿದ ಬಿಲ್ಲೆಗಳ ಮೇಲೆ ತಮ್ಮ ಹೆಸರು ಒತ್ತಿದರು. ಅಂಟಿಸಲು ಕೈ ಇರಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದ ಮಹಾನಂದಾ ಕೊಡವನ್ನು ಗೋಡೆಯ ಬದಿಗೆ ಸರಿಸಿ, ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕುಳಿತು ಅಂಟಿನ ಬಾಟಲಿ ಎಳೆದುಕೊಂಡರು. ಬಿಲ್ಲೆಯ ನಡುವೆ ಒಂದು ತೊಟ್ಟು, ಹೆಬ್ಬೆರಳಿನಿಂದ ಒಂದು ಒತ್ತು. ಪ್ರತಿ ಬಿಲ್ಲೆಯೂ ಹೆಸರಿನ ಮೇಲೆ ಸರಿಯಾಗಿ ಕೂರುತ್ತಿತ್ತು. ಒಂದು ಅಕ್ಷರದ ಕೊಂಬೂ ಹೊರಗೆ ಇಣುಕಲಿಲ್ಲ.

ಎಂಟು ಗಂಟೆಯ ಹೊತ್ತಿಗೆ ನಾಣಿ ಕಾಫಿ ಮಾಡಿ ತಂದರು. ಮಹಾನಂದಾ ಬೇಡವೆಂದರು.

“ಕುಡಿಯೇ, ಸಿಟ್ಟು ಕಾಫಿ ಮೇಲೆ ಯಾಕೆ” ಎಂದರು ಸತ್ಯವತಿ.

“ಕೈಗೆ ಅಂಟು ಹತ್ತೈತ್ರಿ.”

ನಾಣಿ ಮತ್ತೆ ಯಂತ್ರದ ಮುಂದೆ ಕುಳಿತರು. ಒಂಬತ್ತೂವರೆಗೆ ಕೊನೆಯ ಕಾರ್ಡು ಕವರಿಗೆ ಹೋಯಿತು, ಪೆಟ್ಟಿಗೆ ಮುಚ್ಚಿತು.

ಸುಕೃತಿ ಹತ್ತಕ್ಕೆ ಬರಲಿಲ್ಲ. ಗೊರಗುಂಟೆಪಾಳ್ಯದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಹನ್ನೊಂದರ ಹತ್ತಿರ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಸೋಫಾದ ಅಂಚಿನಲ್ಲಿ ಕುಳಿತು ಎರಡೂ ಪೆಟ್ಟಿಗೆ ತೆಗೆಸಿದರು.

“ಆಂಟಿ, ಸಕ್ಕತ್ತಾಗಿದೆ. ಹಿಂದುಗಡೆನೂ ಎಷ್ಟು ಕ್ಯೂಟಾಗಿ ಫಿನಿಶ್ ಮಾಡಿದೀರ. ಈ ಬಾಕ್ಸಲ್ಲಿ ಮಾತ್ರ ಯಾಕೆ ರೌಂಡು? ಆ ಬಾಕ್ಸಲ್ಲಿ ಪ್ಲೇನ್ ಇದೆ.”

“ಎರಡು ಥರ ಇರ್ಲಿ ಅಂತ ಮಾಡ್ದೆ ಕಣಮ್ಮ.”

“ಒಬ್ರೇ ಮಾಡಿದ್ರಾ ಇಷ್ಟೂ?”

“ಇನ್ಯಾರಿದಾರೆ ಮನೇಲಿ. ಇವ್ರು ಹ್ಯಾಂಡಲ್ ತಿರುಗಿಸ್ತಾರೆ ಅಷ್ಟೆ.”

ನಾಣಿ ನಗಲಿಲ್ಲ. ಮಹಾನಂದಾ ಪೆಟ್ಟಿಗೆ ಕಾರಿಗೆ ಸಾಗಿಸಲೆಂದು ಬಾಗಿಲ ಬಳಿ ನಿಂತಿದ್ದರು. ಸುಕೃತಿ ಎರಡನೇ ಪೆಟ್ಟಿಗೆಯ ನಡುವಿನಿಂದ ಇನ್ನೊಂದು ಕಾರ್ಡು ಎಳೆದು ತಿರುಗಿಸಿದರು. ಅದರ ಮೇಲೆ ಬಿಲ್ಲೆ ಇರಲಿಲ್ಲ.

“ಮಹಾನಂದಾ” ಎಂದು ಸುಕೃತಿ ಓದಿದರು. “ಇದ್ಯಾರು ಆಂಟಿ?”

ಬಿಟ್ಟದ್ದು ಯಾರು ಎಂದು ಕೇಳಬೇಕಾಗಿರಲಿಲ್ಲ. ಅಂಟಿಸಿದವರು ಒಬ್ಬರೇ. ಸತ್ಯವತಿ ಬಾಗಿಲ ಕಡೆ ನೋಡಿದರು. ಮಹಾನಂದಾ ಅವರನ್ನೇ ನೋಡುತ್ತಿದ್ದರು.

“ಅದು ಚೆಕರ್ ಹೆಸರು” ಎಂದರು ಸತ್ಯವತಿ. “ಒಂದೊಂದೇ ತೆಗೆದು ಡಿಫೆಕ್ಟ್ ಇದೆಯಾ ಅಂತ ನೋಡ್ತಾಳೆ. ಏನಾದ್ರೂ ತಪ್ಪಿದ್ರೆ ಅವಳನ್ನ ಕೇಳ್ಬೋದು ಅಂತ ಹೆಸರು ಒತ್ತಿಸ್ತೀನಿ.”

“ಓ, ಕ್ವಾಲಿಟಿ ಚೆಕ್ ಬೇರೆ ಇದೆಯಾ. ನಮ್ ಆಫೀಸಲ್ಲೂ ಇಷ್ಟು ಪ್ರೊಸೆಸ್ ಇಲ್ಲ ಆಂಟಿ.” ಸುಕೃತಿ ಕಾರ್ಡನ್ನು ಮತ್ತೆ ಸಾಲಿನಲ್ಲಿ ಸೇರಿಸಿದರು.

ಮಹಾನಂದಾ ಬಂದು ಎರಡನೇ ಪೆಟ್ಟಿಗೆಯನ್ನು ಎತ್ತಿಕೊಂಡರು. ಗೇಟಿನ ಬಳಿಯ ಮೆಟ್ಟಿಲಿನಲ್ಲಿ ಸುಕೃತಿ ಹಿಂದಿನಿಂದ ಕೈ ಚಾಚಿದರು.

“ಅಕ್ಕ, ನಿಧಾನ. ಕೈಯಲ್ಲಿ ಮಾಡಿರೋದು ಅದು.”

“ಹೂಂ ಮೇಡಂ” ಎಂದರು ಮಹಾನಂದಾ.

ಕಾರು ಹೋದ ಮೇಲೆ ಅವರು ಹಜಾರಕ್ಕೆ ಬಂದು ನೀರಿನ ಕೊಡ ಎತ್ತಿಕೊಂಡು ಮಹಡಿ ಹತ್ತಿದರು. ಸತ್ಯವತಿ ಡೈಗಳನ್ನು ಒರೆಸಿ ಡಬ್ಬಿಗೆ ಹಾಕಿದರು.

ದೀಪಾವಳಿ ಮುಗಿದ ಸೋಮವಾರ ಮಹಾನಂದಾ ಮಾಕಳಿಯ ಹತ್ತಿರದ ಬಟ್ಟೆ ಕಾರ್ಖಾನೆಯೊಂದಕ್ಕೆ ಚೆಕರ್ ಆಗಿ ಸೇರಿದರು. ಅಲ್ಲಿ ಅವರಿಗೆ ಕೊಟ್ಟ ಸ್ಟಾಂಪಿನಲ್ಲಿ 31 ಎಂದಿತ್ತು.