ಎರವಲು ಬಾಯಿ

“ಸಾಲಾಗಿ ನಿಲ್ರೇ ಮುಂಡೇರಾ. ಯಾರ ಬಾಯಿ ಕೊಳೆತದೆ ಅಂತ ಇವತ್ತು ಗೊತ್ತಾಗ್ತದೆ. ಕೊಳೆತೋರು ನಾಳೆಯಿಂದ ಗೇಟಿನೊಳಗೆ ಕಾಲಿಡಂಗಿಲ್ಲ.”

ಹೊಗೆಸೊಪ್ಪಿನ ಗೋದಾಮಿನಲ್ಲಿ ಮೇಸ್ತ್ರಿ ಹೀಗೆ ಕೂಗಿದಾಗ ನಾವು ನಲವತ್ತು ಹೆಂಗಸರು ಎಲೆಯ ನಾರು ಬಿಡಿಸುತ್ತ ಕೂತಿದ್ದೆವು. ದಿನಾ ಮಧ್ಯಾಹ್ನದವರೆಗೆ ಏಳುವ ಹಾಗಿರಲಿಲ್ಲ. ಹಸಿವು ಸಾಯಲಿ ಅಂತ ಒಂದು ಚೂರು ಎಲೆಯನ್ನು ದವಡೆಗಿಟ್ಟುಕೊಳ್ಳುವುದು ಎಲ್ಲರ ಅಭ್ಯಾಸ. ನನಗೊಬ್ಬಳಿಗೆ ಅದು ವಾಂತಿ ತರಿಸುತ್ತಿತ್ತು, ಹಾಗಾಗಿ ನನ್ನ ಬಾಯಿ ನೆಟ್ಟಗಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಅಕ್ಕನ ಕೆನ್ನೆಯೊಳಗೆ ಕೆನೆ ಅಂಟಿದ ಹಾಗೆ ಬಿಳಿ ಮಚ್ಚೆ.

ಬಾಯಿ ತಪಾಸಣೆಗೆ ಬಂದಿದ್ದ ಆಸ್ಪತ್ರೆಯ ನರ್ಸ್ ಸಣ್ಣ ಬ್ರಷ್ಷನ್ನು ಕೆನ್ನೆಯೊಳಗೆ ತಿರುಗಿಸಿ, ಅಂಟಿದ ಜೀವಕೋಶಗಳನ್ನು ಗಾಜಿನ ಪಟ್ಟಿಗೆ ಸವರಿ ಹೆಸರು ಬರೆಯುತ್ತಿದ್ದಳು. ಗಡ್ಡೆ ಏಳುವ ಮೊದಲೇ ಬಾಯಿಯ ಕ್ಯಾನ್ಸರ್ ಸಿಕ್ಕಿಬೀಳುತ್ತದೆ, ಬೇಗ ಸಿಕ್ಕರೆ ವಾಸಿಯೂ ಆಗುತ್ತದೆ ಅಂದಳು. ನಮ್ಮ ಕಿವಿಯಲ್ಲಿ ಉಳಿದದ್ದು ಗೇಟಿನ ಮಾತೊಂದೇ. ಅಕ್ಕ ನನ್ನ ಕೈ ಹಿಡಿದು, “ನನ್ನ ಹೆಸರಲ್ಲೂ ನೀನೇ ಕೂತುಬಿಡೆ” ಅಂದಳು. ಬೆಳಿಗ್ಗೆ ನನ್ನ ಹೆಸರಲ್ಲಿ ಕೂತೆ. ಮಧ್ಯಾಹ್ನ ತಲೆಯ ಬಟ್ಟೆ ಬದಲಿಸಿ ಅವಳ ಹೆಸರಲ್ಲಿ ಕೂತೆ.

ವರದಿ ಬಂತು, ಅಕ್ಕನಿಗೆ ಏನೂ ಇಲ್ಲ. ಇಬ್ಬರೂ ನಕ್ಕೆವು. ವಿಚಿತ್ರವೆಂದರೆ ಆ ಚೀಟಿಯನ್ನು ಅವಳೇ ನಂಬಿಬಿಟ್ಟಳು. ಹುಣ್ಣಾದಾಗ ವೈದ್ಯರಿಗೆ ಅದನ್ನೇ ತೋರಿಸಿದಳು. ಅವರೂ ನಂಬಿ ಮುಲಾಮು ಕೊಟ್ಟು ಕಳಿಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಕೊನೆಕೊನೆಗೆ ಅವಳ ಕೆನ್ನೆ ತೂತಾಗಿ, ಕುಡಿಸಿದ ನೀರು ಹೊರಗೇ ಬರುತ್ತಿತ್ತು. ಅವಳನ್ನು ಕೊಂದದ್ದು ನನ್ನ ಚೆಂದದ ಬಾಯಿ. ಈಗಲೂ ಬ್ರಷ್ ಆಡಿದ ಜಾಗಕ್ಕೆ ನಾಲಿಗೆ ತಾಕಿದರೆ ಅವಳು ನೀರು ಕೇಳುತ್ತಾಳೆ.

ಈ ವರ್ಷ ನರ್ಸ್ ಮತ್ತೆ ಬಂದಳು. ಅಕ್ಕನ ಜಾಗದಲ್ಲಿ ಈಗ ಅವಳ ಮಗಳು. ದವಡೆಯಲ್ಲಿ ಅದೇ ಎಲೆ, ಕೆನ್ನೆಯಲ್ಲಿ ಅದೇ ಬಿಳುಪು.

“ಚಿಕ್ಕಮ್ಮ, ಅಮ್ಮಂಗೆ ಕೂತಂಗೆ ನಂಗೂ ಕೂತ್ಕೊ,” ಅಂದಳು. ದನಿ ಥೇಟ್ ತಾಯಿಯದೇ.

ಅವಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕುಕ್ಕಿದೆ. ನರ್ಸಿಗೆ ಅಕ್ಕನ ಹೆಸರು ಹೇಳಿದೆ.

“ಹೋದ ಸಲ ಆ ಹೆಸರಲ್ಲಿ ನೀವು ಕೆರೆದಿದ್ದು ನನ್ನ ಕೆನ್ನೆ. ಅವಳು ಸತ್ಲು. ಇದು ಅವಳ ಮಗಳ ಬಾಯಿ, ನೋಡಿ.”

ಮೇಸ್ತ್ರಿ ಓಡಿ ಬಂದು, ಇಬ್ಬರೂ ಹೊರಗೆ ನಡೀರೇ ಬೋಸುಡೀರಾ ಅಂತ ಅಬ್ಬರಿಸಿದ.

“ಮೊದ್ಲು ಬ್ರಷ್ ಆಡ್ಲಿ. ಆಮೇಲೆ ಗೇಟಾದ್ರೂ ಹಾಕ್ಕೊ, ನೇಣಾದ್ರೂ ಹಾಕ್ಕೊ,” ಅಂದೆ.

ನರ್ಸ್ ಬ್ರಷ್ ಹಿಡಿದು ಕಾದಳು. ಹುಡುಗಿ ಹಲ್ಲು ಕಚ್ಚಿ ಕೂತಿದ್ದಳು, ನನ್ನನ್ನು ನುಂಗುವ ಹಾಗೆ ನೋಡುತ್ತಿದ್ದಳು. ಮಗುವಿಗೆ ಔಷಧಿ ಕುಡಿಸುವವಳ ಹಾಗೆ ನಾನು ಅವಳ ದವಡೆ ಅದುಮಿದೆ. ಹಿಂದಿನಿಂದ ಮೇಸ್ತ್ರಿಯ ಕೈ ನನ್ನ ಜಡೆಗೆ ಬಿತ್ತು. ನಾನು ದವಡೆ ಬಿಡಲಿಲ್ಲ.