ಹಸೀನಾಬಿ ಹಾಕಿದ ನೀರು

ನನ್ನ ಹೆಂಡತಿ ಲೂರ್ದವ್ವನ ಬಾಯಿಗೆ ಬೆಟಗೇರಿಯಲ್ಲಿ ಹೆದರದವರಿಲ್ಲ. ಸಂಜೆ ಅವಳು ಜಪಸರ ಹಿಡಿದು ಓಣಿಗೆ ಇಳಿದರೆ ಕಟ್ಟೆಯ ಮೇಲೆ ಕೂತ ನೇಕಾರರು ಬೀಡಿ ಮರೆಮಾಡುತ್ತಾರೆ. ಅವರ ದೇವರು ಬೇರೆ, ನಮ್ಮ ದೇವರು ಬೇರೆ, ಲೂರ್ದವ್ವ ಮಾತ್ರ ಎಲ್ಲರಿಗೂ ಒಬ್ಬಳೇ. ನಾನು ಇನ್ನಾಸಪ್ಪ, ಟೇಲರ್. ಹೊರಗೆ ಊರವರ ಅಳತೆ ತೆಗೆಯುತ್ತೇನೆ, ಮನೆಯಲ್ಲಿ ಅವಳು ಕೊಟ್ಟ ಅಳತೆಗೆ ಕತ್ತರಿ ಆಡಿಸುತ್ತೇನೆ.

ಗದಗ ಜಿಲ್ಲೆಯಾದ ಮರುವರ್ಷ ಮಗಳು ರೋಸಲಿನ್ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಹೆರಿಗೆ ಬಹಳ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಬಾಗಿಲ ಹೊರಗೆ ನಿಂತ ನಮಗೆ ಒಳಗೇನು ನಡೆದಿದೆ ಎಂದು ಯಾರೂ ಹೇಳಲಿಲ್ಲ. ಕೊನೆಗೆ ಕೂಸು ಅತ್ತ ದನಿ ಕೇಳಿ ಲೂರ್ದವ್ವ ನಿಂತಲ್ಲೇ ಮೊಣಕಾಲೂರಿದಳು.

ಕೂಸು ಮನೆಗೆ ಬಂದದ್ದೇ ತಡ, ಚರ್ಚಿನ ಗುರುಗಳಿಂದ ತಲೆಗೆ ನೀರು ಹಾಕಿಸಿ ಜಲ್ದಿ ದೀಕ್ಷಾಸ್ನಾನ ಮಾಡಿಸಬೇಕೆಂದು ಅವಳು ಹಟ ಹಿಡಿದಳು. ಲಕ್ಷ್ಮೇಶ್ವರದ ಬೀಗರು, ಕೂಸು ಸ್ವಲ್ಪ ಮೈ ಹಿಡಿಯಲಿ, ನಾಲ್ಕು ಮಂದಿಗೆ ಊಟ ಹಾಕಿ ಮಾಡೋಣ ಎಂದರು. ಅವಳು ಅವರೊಂದಿಗೆ ಜಗಳವಾಡಿದಳು, ಊಟ ಬಿಟ್ಟಳು, ದಿನಕ್ಕೆ ಹತ್ತು ಸಲ ಕೂಸಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿದಳು. ಬೀಗರಿಗೆ ಇದು ಮುದುಕಿಯ ತಿಕ್ಕಲು ಅನ್ನಿಸಿತು. ಅದು ತಿಕ್ಕಲಲ್ಲ ಎಂದು ನನಗೆ ಗೊತ್ತಿತ್ತು.

ನಮ್ಮ ಮೊದಲ ಮಗ ಆಗ ನಾವಿದ್ದ ಮುಳಗುಂದದಲ್ಲಿ ಹುಟ್ಟಿದ. ಬೆಳಗ್ಗೆ ಹುಟ್ಟಿದವನು ಹೊತ್ತು ಏರುವಷ್ಟರಲ್ಲಿ ನೀಲಿಗಟ್ಟತೊಡಗಿದ. ಗುರುಗಳನ್ನು ಕರೆತನ್ನಿ, ಅವನ ತಲೆಗೆ ನೀರು ಬೀಳಲಿ ಎಂದು ಲೂರ್ದವ್ವ ಹೊರಸಿನ ಮೇಲೆ ಮಲಗಿದಲ್ಲಿಂದಲೇ ಕೂಗಿದಳು. ನಾನು ಸೈಕಲ್ ತುಳಿದು ಗದಗಿಗೆ ಹೋದೆ. ಗುರುಗಳು ಶಿರಹಟ್ಟಿಯ ಕಡೆ ಯಾರದೋ ಮದುವೆಗೆ ಹೋಗಿದ್ದರು. ಚರ್ಚನ್ನು ನಾವು ಗುಡಿ ಎನ್ನುತ್ತೇವೆ, ಅದರ ಮೆಟ್ಟಿಲ ಮೇಲೆ ಕೂತು ಕಾದೆ. ಅವರನ್ನು ಕರೆದುಕೊಂಡು ಊರು ಮುಟ್ಟಿದಾಗ ಸಂಜೆಯಾಗಿತ್ತು, ಮನೆಯೊಳಗಿಂದ ಹೆಂಗಸರು ಅಳುವುದು ದೂರಕ್ಕೇ ಕೇಳುತ್ತಿತ್ತು.

ದೀಕ್ಷೆಯಾಗದ ಕೂಸು ಎಂದು, ಆ ಕಾಲದ ಪದ್ಧತಿಯಂತೆ, ಅವನನ್ನು ಗದಗಿನ ನಮ್ಮ ಸ್ಮಶಾನದ ಗೋಡೆಯ ಹೊರಗೆ ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿದರು. ಶಿಲುಬೆ ನೆಡಲಿಲ್ಲ. ಹೆಸರೂ ಇಡಲಿಲ್ಲ. ಪ್ರತಿ ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ಎಲ್ಲರೂ ಗೋರಿಗಳಿಗೆ ಸುಣ್ಣ ಬಳಿದು ಮೇಣದ ಬತ್ತಿ ಹಚ್ಚುವಾಗ, ಲೂರ್ದವ್ವ ಒಂದು ಬತ್ತಿಯನ್ನು ಸೆರಗಿನ ಮರೆಯಲ್ಲಿ ಹಿಡಿದು ಗೋಡೆಯ ಆಚೆ ಹೋಗುತ್ತಾಳೆ. ನಾನು ಒಳಗೇ ನಿಲ್ಲುತ್ತೇನೆ. ಅಲ್ಲಿಗೆ ಹೋಗುವ ಧೈರ್ಯ ನನಗೆ ಎಂದೂ ಬಂದಿಲ್ಲ.

ಅಂತೂ ಬೀಗರು ಒಪ್ಪಿದ ಭಾನುವಾರ ಬಂತು. ಮೊಮ್ಮಗಳಿಗೆ ಬಿಳಿ ಫ್ರಾಕು ನಾನೇ ಹೊಲಿದಿದ್ದೆ. ಹೆರಿಗೆ ಹೊತ್ತಿನಲ್ಲಿ ಕೈಹಿಡಿದು ಕೂತಿದ್ದ ಆಸ್ಪತ್ರೆಯ ಆಯಾ ಹಸೀನಾಬಿಯನ್ನು ಕರೆಯಲೇಬೇಕೆಂದು ರೋಸಲಿನ್ ಹಟ ಮಾಡಿದ್ದಳು. ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ನಮ್ಮೆಲ್ಲರ ಹಿಂದೆ ಸಂಕೋಚದಿಂದ ನಿಂತಿದ್ದಳು.

ಗುಡಿಯ ಬಾಗಿಲಲ್ಲಿ ಹೊಸ ಗುರುಗಳು ನಮ್ಮನ್ನು ಎದುರುಗೊಂಡರು. ಚಿಕ್ಕ ವಯಸ್ಸಿನವರು, ದಕ್ಷಿಣದ ಕಡೆಯವರು, ಬಂದು ಇನ್ನೂ ತಿಂಗಳಾಗಿರಲಿಲ್ಲ. ಈ ಮಗುವಿಗೆ ಮೊದಲು ಎಲ್ಲಾದರೂ ದೀಕ್ಷಾಸ್ನಾನ ಆಗಿದೆಯೇ ಎಂದು ವಾಡಿಕೆಯಂತೆ ಕೇಳಿದರು. ಇಲ್ಲ ಎಂದು ಲೂರ್ದವ್ವ ಎಲ್ಲರಿಗಿಂತ ಮೊದಲು ಹೇಳಿದಳು.

"ಆಗೇತ್ರಿ," ಎಂದಿತು ಹಿಂದಿನಿಂದ ಒಂದು ದನಿ. "ನಾನಽ ಮಾಡೇನ್ರಿ."

ನಾವೆಲ್ಲ ತಿರುಗಿದೆವು. ಬೀಗತಿ ಕೈಯಲ್ಲಿದ್ದ ಮೇಣದ ಬತ್ತಿಯನ್ನು ಕೆಳಗೆ ಬೀಳಿಸಿದರು. ಹಸೀನಾಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ ಎಲ್ಲ ಹೇಳಿದಳು. ಕೂಸು ಹುಟ್ಟಿದಾಗ ಉಸಿರೇ ಇರಲಿಲ್ಲವಂತೆ. ತಾಯಿಗೆ ರಕ್ತ ನಿಲ್ಲದೆ ಡಾಕ್ಟರು, ನರ್ಸು ಎಲ್ಲ ಆ ಕಡೆ ಹೊರಳಿದಾಗ ಕೂಸು ಇವಳ ಕೈಗೆ ಬಂತಂತೆ. ಇವಳು ಹುಡುಗಿಯಾಗಿದ್ದಾಗ ಕನ್ಯಾಸ್ತ್ರೀಯರ ದವಾಖಾನೆಯಲ್ಲಿ ಕಸ ಹೊಡೆಯುತ್ತಿದ್ದಳು. ಶಿಲುಬೆಯವರ ಕೂಸು ಸಾಯುವಂತಿದ್ದರೆ ಹೀಗೆ ಮಾಡು ಎಂದು ಅವರು ಕಲಿಸಿದ್ದರು. ರೋಸಲಿನ್ ಕೊರಳಲ್ಲಿ ಶಿಲುಬೆ ಕಂಡಿತು, ನಲ್ಲಿಯ ನೀರನ್ನು ಬೊಗಸೆಯಲ್ಲಿ ಹಿಡಿದು ಮೂರು ಸಲ ತಲೆಗೆ ಬಿಟ್ಟು ಅವರು ಕಲಿಸಿದ ಮಾತು ಹೇಳಿದಳು. ಆಮೇಲೆ ಬೆನ್ನು ತಿಕ್ಕಿದಳು, ಕೂಸು ಅತ್ತಿತು. ಸಾಬರಾಕೆ ಕೂಸಿನ ಧರ್ಮಕ್ಕೆ ಕೈ ಹಾಕಿದಳು ಎಂದು ಗದ್ದಲವಾದೀತೆಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಒಮ್ಮೆ ಹಾಕಿದ ಮೇಲೆ ಇನ್ನೊಮ್ಮೆ ಹಾಕಬಾರದು ಎಂದೂ ಸಿಸ್ಟರುಗಳು ಹೇಳಿದ್ದರಂತೆ, ಅದಕ್ಕೇ ಇವತ್ತು ತಡೆಯಲಾಗಲಿಲ್ಲ.

ಗುರುಗಳು ಆ ಮಾತು ಹೇಳಲು ಕೇಳಿದರು. ಹಸೀನಾಬಿ ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ ಎಂದು ಒಂದು ಅಕ್ಷರ ತಪ್ಪದೆ ಹೇಳಿದಳು. ದೀಕ್ಷಾಸ್ನಾನ ಆಗಿಯೇ ಹೋಗಿದೆ, ಮತ್ತೆ ನೀರು ಹಾಕುವಂತಿಲ್ಲ, ತೈಲ, ಬಿಳಿ ಬಟ್ಟೆ, ದೀಪ ಇಷ್ಟೇ ಬಾಕಿ ಎಂದರು ಗುರುಗಳು.

ಈಗ ಲೂರ್ದವ್ವ ಗುಡಿ ಹಾರಿಹೋಗುವಂತೆ ಬಾಯಿ ಮಾಡುತ್ತಾಳೆಂದು ನಾನು ತಲೆ ತಗ್ಗಿಸಿ ನಿಂತೆ. ಅವಳು ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಆಕಿ ನಮ್ಮಾಕಿ ಅಲ್ರಿ ಫಾದರ್. ಆದ್ರೂ ನಡೀತೈತ್ರಿ?"

"ನಡೆಯುತ್ತದೆ ಅಮ್ಮ. ಜೀವ ಹೋಗುವಂತಿದ್ದರೆ ಯಾರು ಬೇಕಾದರೂ ಕೊಡಬಹುದು. ಇದು ಹೊಸದಲ್ಲ, ಮೊದಲಿನಿಂದಲೂ ಹೀಗೆಯೇ."

"ಹಡದಾಕಿನೂ ಹಾಕಬಹುದಿತ್ತೇನ್ರಿ?"

"ಹೆತ್ತ ತಾಯಿಯೂ ಹಾಕಬಹುದು," ಎಂದು ಗುರುಗಳು ನಕ್ಕರು. ಪಾಪ, ಅವರಿಗೆ ನಮ್ಮ ಕಥೆ ಗೊತ್ತಿರಲಿಲ್ಲ.

ನಾವಿಬ್ಬರೂ ಬಾಲ್ಯದಿಂದ ಜಪ ಬಾಯಿಪಾಠ ಮಾಡಿದವರು, ಆದರೆ ನೀರು ಹಾಕುವುದು ಗುರುಗಳ ಕೈಯಿಂದಲೇ ಎಂದು ನಂಬಿದವರು. ಬೇರೆ ದಾರಿ ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರೆ. ಮಗ ಹುಟ್ಟಿದ ಆ ದಿನ ನಮಗೆ ಪೂಜಾರಿಯೇ ಬೇಕಾಗಿರಲಿಲ್ಲ. ನಾನು ಗದಗಿನ ದಾರಿ ಹಿಡಿಯಬೇಕಾಗಿಯೇ ಇರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ.

ತೈಲ ಹಚ್ಚಿದರು, ದೀಪ ಕೊಟ್ಟರು. ಜನರೆಲ್ಲ ಆಮೆನ್ ಎಂದರು, ಲೂರ್ದವ್ವ ಅನ್ನಲಿಲ್ಲ. ಊಟಕ್ಕೆ ಪಂಕ್ತಿ ಹಾಕಿ ಗೋಧಿ ಹುಗ್ಗಿ ಬಡಿಸುವಾಗ ನೋಡಿದರೆ ಅವಳೂ ಇಲ್ಲ, ಹಸೀನಾಬಿಯೂ ಇಲ್ಲ. ಎಲ್ಲಿ ಹೋಗಿರಬಹುದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಸ್ಮಶಾನಕ್ಕೆ ನಡೆದು, ಮೊದಲ ಸಲ ಗೋಡೆ ಸುತ್ತಿ ಆಚೆ ಹೋದೆ.

ಬೇವಿನ ಮರದ ಕೆಳಗೆ ಹಸೀನಾಬಿ ಎರಡೂ ಕೈ ಚಾಚಿ ತನ್ನ ಪ್ರಾರ್ಥನೆ ಹೇಳುತ್ತಿದ್ದಳು. ಲೂರ್ದವ್ವ ಮಣ್ಣಿನ ಮೇಲೆ ಕಾಲು ಚಾಚಿ ಕೂತಿದ್ದಳು, ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ನಾನು ಬಂದ ಸಪ್ಪಳಕ್ಕೆ ಅವಳು ತಿರುಗಲಿಲ್ಲ.

"ಕೊಡ ಹೊರಸಿನ ಬಾಜೂಕಽ ಇತ್ರಿ," ಎಂದಳು. "ತುಂಬಿತ್ತು. ನಿಮ್ಮ ದಾರಿ ನೋಡ್ಕೋತ, ಅದರಾಗಿನ ನೀರು ನಾನು ಎರಡ ಸಲ ಕುಡದೆ."